ಹಣ್ಣು ಕದ್ದ ಹಕ್ಕಿಯನ್ನು ಬಟ್ಟೆಗೆ ಇಳಿಸಿದ ಸಾಹುಕಾರ: ವಿಲಿಯಂ ಮೋರಿಸ್ ಬದುಕಿನ ಕಥೆ

ಬಟ್ಟೆ ಅಂಗಡಿಯಲ್ಲಿ ಪರದೆಯ ಥಾನು ಬಿಚ್ಚಿ ಹಾಕಿದಾಗ ನಾವು ಕೇಳೋದು ಎರಡೇ ಪ್ರಶ್ನೆ. ಮೀಟರಿಗೆ ಎಷ್ಟು? ಬಣ್ಣ ಹೋಗುತ್ತಾ? ಅದರ ಮೇಲಿರೋ ಹೂವು, ಬಳ್ಳಿ, ಹಕ್ಕಿ ಯಾರ ತಲೆಯಿಂದ ಬಂತು ಅಂತ ಕೇಳೋರು ಕಡಿಮೆ. ಕಡುನೀಲಿ ನೆಲ, ದಟ್ಟವಾದ ಎಲೆ, ನಡುವೆ ಎದುರುಬದುರು ಕೂತ ಜೋಡಿ ಹಕ್ಕಿ, ಕೊಕ್ಕಿನಲ್ಲಿ ಕೆಂಪು ಹಣ್ಣು. ಈ ಡಿಸೈನನ್ನು ಯಾವುದೋ ಕುಶನ್ ಕವರ್ ಮೇಲೋ, ಬ್ಯಾಗ್ ಮೇಲೋ ನೀವು ನೋಡಿರಲೂಬಹುದು. ಅದಕ್ಕೆ ಈಗ 140 ವರ್ಷ ದಾಟಿದೆ. ಹೆಸರು ಸ್ಟ್ರಾಬೆರಿ ಥೀಫ್, ಅಂದರೆ ಸ್ಟ್ರಾಬೆರಿ ಕಳ್ಳ. ಮಾಡಿದವರು ಇಂಗ್ಲೆಂಡಿನ ವಿಲಿಯಂ ಮೋರಿಸ್.

ಹೊಸ ಡಿಸೈನ್ ಹೊಳೀತಿಲ್ಲ ಅಂತ ತಲೆ ಕೆಡಿಸಿಕೊಳ್ಳೋ ಟೈಲರ್, ಎಂಬ್ರಾಯ್ಡರಿ ಮಾಡೋರು, ನೇಕಾರರು, ಪ್ರಿಂಟಿಂಗ್ ಮಾಡೋರು ಈ ಮನುಷ್ಯನ ಕಥೆ ಒಮ್ಮೆ ಓದಬೇಕು. ಯಾಕಂದ್ರೆ ಆತ ಸುಮ್ಮನೆ ಕೂತು ಹೊಳೆಯೋದಕ್ಕೆ ಕಾದವರಲ್ಲ. ಒಂದೊಂದು ಸಲ ಸಿಕ್ಕಿಹಾಕಿಕೊಂಡಾಗಲೂ ಒಂದೊಂದು ಹೊಸ ಕೆಲಸಕ್ಕೆ ಕೈ ಹಾಕಿದವರು.

ದುಡ್ಡಿದ್ದ ಮನೆ, ಕಾಡಿನ ಹುಡುಗ

ಮೋರಿಸ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ಲಂಡನ್ ಪಕ್ಕದ ವಾಲ್ತಮ್‌ಸ್ಟೋದಲ್ಲಿ. ತಂದೆ ಲಂಡನ್ನಿನ ಹಣಕಾಸು ದಲ್ಲಾಳಿ. ತಾಮ್ರದ ಗಣಿಯೊಂದರ ಷೇರು ಏರಿ ಮನೆತನಕ್ಕೆ ಭಾರಿ ದುಡ್ಡು ಬಂತು. ಹುಡುಗನಿಗೆ 13 ತುಂಬಿದ ವರ್ಷ, 1847ರಲ್ಲಿ, ತಂದೆ ತೀರಿಹೋದರು. ಆದರೂ ಬಡತನ ಬರಲಿಲ್ಲ. ಪ್ರಾಯಕ್ಕೆ ಬಂದ ಮೇಲೆ ವರ್ಷಕ್ಕೆ 900 ಪೌಂಡ್ ಆದಾಯ ಕೂತಲ್ಲಿಗೇ ಬರ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

ಮನೆ ಪಕ್ಕದಲ್ಲೇ ಎಪಿಂಗ್ ಕಾಡು. ಹುಡುಗ ಕುದುರೆಮರಿ ಹತ್ತಿ ಅಲ್ಲೇ ಸುತ್ತುತ್ತಿದ್ದ. ಕಾಡಿನ ಅಂಚಿನಲ್ಲಿ ಹಳೇ ಬೇಟೆಮನೆಯೊಂದಿತ್ತು. ಅದರ ಒಂದು ಕೋಣೆಯ ಗೋಡೆಗೆ ಗಿಡಮರ ನೇಯ್ದ, ಬಣ್ಣ ಮಾಸಿದ ಹಳೇ ಪರದೆ ತೂಗುಹಾಕಿದ್ದರು. ಅದನ್ನು ನೋಡಿದ್ದು ದೊಡ್ಡವರಾದ ಮೇಲೂ ಮೋರಿಸ್‌ಗೆ ಮರೆಯಲಿಲ್ಲ, ಭಾಷಣದಲ್ಲೂ ನೆನೆಸಿಕೊಂಡರು. ಹೊರಗೆ ನಿಜವಾದ ಕಾಡು, ಒಳಗೆ ನೇಯ್ದ ಕಾಡು. ಮುಂದೆ ಇಡೀ ಬದುಕು ಈ ಎರಡರ ನಡುವೆಯೇ ಓಡಾಡಿತು.

ಬಿಟ್ಟುಬಂದ ಕೆಲಸಗಳೇ ಜಾಸ್ತಿ

1853ರಲ್ಲಿ ಆಕ್ಸ್‌ಫರ್ಡ್ ಸೇರಿದ್ದು ಪಾದ್ರಿ ಆಗೋದಕ್ಕೆ. ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಎಂಬ ಗೆಳೆಯ ಸಿಕ್ಕ. 1855ರಲ್ಲಿ ಇಬ್ಬರೂ ಫ್ರಾನ್ಸಿನ ಹಳೇ ಚರ್ಚುಗಳನ್ನು ನೋಡಿಕೊಂಡು ಬಂದರು. ಬಂದವರು ಪಾದ್ರಿ ಕೆಲಸ ಬೇಡ ಅಂತ ತೀರ್ಮಾನ ಮಾಡಿದರು. ಮೋರಿಸ್ ಮುಂದಿನ ವರ್ಷ ಕಟ್ಟಡದ ನಕ್ಷೆ ಕಲಿಯೋಕೆ ಹೋದರು, ವರ್ಷ ತುಂಬೋದರೊಳಗೆ ಅದನ್ನೂ ಬಿಟ್ಟರು. ಆಮೇಲೆ ಚಿತ್ರ ಬರೆಯಲು ಹೊರಟರು. ಪೂರ್ತಿ ಮಾಡಿದ ತೈಲಚಿತ್ರ ಅಂತ ಇವತ್ತು ಉಳಿದಿರೋದು ಒಂದೇ.

ಊರಲ್ಲಾದರೆ ಇಂಥವನಿಗೆ ಏನಂತಾರೆ ಗೊತ್ತಲ್ಲ. ಯಾವುದಕ್ಕೂ ನಿಲ್ಲದವನು.

ಆದರೆ ಈ ಓಡಾಟದ ನಡುವೆಯೇ ಒಂದು ಮರದ ಚೌಕಟ್ಟು ಮಾಡಿಸಿಕೊಂಡು, ಉಣ್ಣೆ ದಾರ ಹಿಡಿದು ಕಸೂತಿ ಶುರು ಮಾಡಿದ್ದರು. ಕಲಿಸೋರು ಯಾರೂ ಇರಲಿಲ್ಲ. ಹಳೇ ಕಸೂತಿ ತುಂಡುಗಳನ್ನು ತಂದು ಹೊಲಿಗೆ ಬಿಚ್ಚುತ್ತಾ, ಸೂಜಿ ಹೇಗೆ ಹೋಗಿದೆ, ಹೇಗೆ ಬಂದಿದೆ ಅಂತ ನೋಡಿಯೇ ಕಲಿತದ್ದು. ಕುದುರೆಲಾಯದಲ್ಲಿ ದುಡಿಯುತ್ತಿದ್ದವನ ಮಗಳು ಜೇನ್ ಬರ್ಡನ್‌ಳನ್ನು 1859ರಲ್ಲಿ ಮದುವೆಯಾದರು. ಕಲಿತದ್ದನ್ನು ಹೆಂಡತಿಗೂ ಕಲಿಸಿದರು. ಜೇನ್ ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ನೀಲಿ ಉಣ್ಣೆ ಬಟ್ಟೆಯನ್ನು ಮನೆಗೆ ತಂದರು. ಅದರ ಮೇಲೆ ಡೇಸಿ ಹೂವಿನ ಗೊಂಚಲು ಹೊಲಿದು ಹೊಸ ಮನೆಯ ಗೋಡೆಗೆ ಹಾಕಿದರು. ಹೂವಿನ ಮಾದರಿ ಸಿಕ್ಕಿದ್ದು ಬ್ರಿಟಿಷ್ ಮ್ಯೂಸಿಯಂನ ಹಳೇ ಹಸ್ತಪ್ರತಿಯೊಂದರ ಚಿತ್ರದಲ್ಲಿ.

ಗೆಳೆಯ ಫಿಲಿಪ್ ವೆಬ್ ನಕ್ಷೆ ಹಾಕಿದ ಆ ಮನೆಯೇ ರೆಡ್ ಹೌಸ್. ಮನೆಗೆ ಬೇಕಾದ ಸಾಮಾನು ಅಂಗಡಿಗಳಲ್ಲಿ ಮನಸ್ಸಿಗೆ ಒಪ್ಪುವಂಥದ್ದು ಸಿಗಲಿಲ್ಲ, ತಾವೇ ಮಾಡಿಕೊಂಡರು. ಅಲ್ಲಿಂದ 1861ರಲ್ಲಿ ಗೆಳೆಯರೆಲ್ಲ ಸೇರಿ ಕಂಪನಿ ಶುರು ಮಾಡಿದರು. ಮುಂದೆ 1875ರಲ್ಲಿ ಮೋರಿಸ್ ಒಬ್ಬರೇ ಮಾಲೀಕರಾದರು. 1877ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದರು.

ಹಕ್ಕಿ ಬರೆಯೋಕೆ ಬರ್ತಿರಲಿಲ್ಲ

ಇಲ್ಲೊಂದು ವಿಷಯ ಗಮನಿಸಿ. 1862ರಲ್ಲಿ ಮೋರಿಸ್ ರೆಡ್ ಹೌಸ್ ತೋಟದ ಗುಲಾಬಿ ಚಪ್ಪರ ನೋಡಿ ಗೋಡೆಕಾಗದಕ್ಕೆ ಒಂದು ಡಿಸೈನ್ ಮಾಡಿದರು. ಅದರಲ್ಲಿ ಹಕ್ಕಿಗಳಿವೆ. ಆದರೆ ಹಕ್ಕಿ ಬರೆಯೋ ಧೈರ್ಯ ಮೋರಿಸ್‌ಗೆ ಇರಲಿಲ್ಲ. ಗೆಳೆಯ ವೆಬ್ ಕೈಯಲ್ಲಿ ಬರೆಸಿಕೊಂಡರು. 15 ವರ್ಷ ಆದ ಮೇಲೆ, 1877ರಲ್ಲಿ, ಮುಂದಿನ ಡಿಸೈನಿಗೆ ಹಕ್ಕಿ ಬರುತ್ತಾ ನೋಡೋಣ ಅಂತ ಕೂತು ಹಕ್ಕಿಗಳನ್ನೇ ಅಭ್ಯಾಸ ಮಾಡುತ್ತಿದ್ದರು. ಆಗ ವಯಸ್ಸು 43. ಮರುವರ್ಷ ಹಕ್ಕಿಗಳಿರೋ ಉಣ್ಣೆ ಬಟ್ಟೆ ನೇಯ್ಸಿ ತಮ್ಮ ಮನೆಯ ಗೋಡೆಗೇ ಹಾಕಿಸಿದರು. ಇನ್ನೈದು ವರ್ಷಕ್ಕೆ ಸ್ಟ್ರಾಬೆರಿ ಕಳ್ಳ ಬಂದ.

ನೀಲಿ ಬಣ್ಣದ ಹಟ

ಆ ಹೊತ್ತಿಗೆ ಇಂಗ್ಲೆಂಡಿನ ಬಣ್ಣದ ವ್ಯಾಪಾರ ಪೂರ್ತಿ ಬದಲಾಗಿತ್ತು. 1856ರಲ್ಲಿ ಪರ್ಕಿನ್ ಎಂಬ ಯುವಕ ಟಾರಿನಿಂದ ನೇರಳೆ ಬಣ್ಣ ತೆಗೆದ ಮೇಲೆ ಕೆಮಿಕಲ್ ಬಣ್ಣಗಳು ಅಗ್ಗವಾಗಿ ಬಂದು ತುಂಬಿಕೊಂಡವು. ಹೊಸದರಲ್ಲಿ ಕಣ್ಣಿಗೆ ಹೊಡೆಯುತ್ತಿದ್ದವು, ಬಿಸಿಲಿಗೆ ಬಿದ್ದರೆ ಎಷ್ಟೋ ಬಣ್ಣ ಮಂಕಾಗುತ್ತಿದ್ದವು. ಮೋರಿಸ್‌ಗೆ ಅವನ್ನು ಕಂಡರೆ ಆಗುತ್ತಿರಲಿಲ್ಲ.

1873ರಲ್ಲಿ ಟ್ಯುಲಿಪ್ ಹೂವು, ವಿಲೋ ಎಲೆ ಇರುವ ಡಿಸೈನೊಂದನ್ನು ಬರೆದು ಬೇರೆಯವರ ಕಾರ್ಖಾನೆಯಲ್ಲಿ ಪ್ರಿಂಟ್ ಮಾಡಿಸಿದರು. ಅವರು ಪ್ರಷ್ಯನ್ ನೀಲಿ ಬಳಸಿದರು. ಮೋರಿಸ್ ಮನಸ್ಸಲ್ಲಿದ್ದ ನೀಲಿ ಅದಲ್ಲ. ಇಂಥ ಕಡೆ ನಮ್ಮಲ್ಲಿ ಹೆಚ್ಚಿನವರು ಏನು ಮಾಡ್ತೀವಿ? ಇಷ್ಟೇ ಆಗೋದು ಅಂತ ಸುಮ್ಮನಾಗ್ತೀವಿ, ಇಲ್ಲಾಂದ್ರೆ ಪ್ರಿಂಟ್ ಮಾಡಿದವನಿಗೆ ಬೈತೀವಿ. ಮೋರಿಸ್ ಬಣ್ಣ ಹಾಕೋದನ್ನೇ ಕಲಿಯೋಕೆ ಹೊರಟರು.

1875ರಿಂದ ಸ್ಟಾಫರ್ಡ್‌ಶೈರಿನ ಲೀಕ್ ಊರಿನ ಬಣ್ಣಗಾರ ಥಾಮಸ್ ವಾರ್ಡಲ್ ಅವರ ಕಾರ್ಖಾನೆಗೆ ಮತ್ತೆ ಮತ್ತೆ ಹೋದರು. ವಾರ್ಡಲ್ ನಮ್ಮ ದೇಶದ ಟಸ್ಸಾರ್ ರೇಷ್ಮೆಗೆ ಬಣ್ಣ ಹಿಡಿಸೋದರಲ್ಲಿ ಹೆಸರು ಮಾಡಿದವರು. ಮೋರಿಸ್ ಹಳೇ ಗಿಡಮೂಲಿಕೆ ಪುಸ್ತಕಗಳನ್ನು ಹುಡುಕಿ ಓದಿದರು. ವಾಲ್‌ನಟ್ ಬೇರು, ಪಾಪ್ಲರ್ ಕಡ್ಡಿ ಕುದಿಸಿ ನೋಡಿದರು. ತಾವೇ ತೊಟ್ಟಿಗೆ ಕೈ ಇಳಿಸಿದರು. ದೊಡ್ಡ ಮನೆತನದ ಮನುಷ್ಯ ಮೊಣಕೈವರೆಗೂ ನೀಲಿ ಮಾಡಿಕೊಂಡು ಓಡಾಡೋದನ್ನು ನೋಡಿ ಜನ ನಗುತ್ತಿದ್ದರು.

ನೀಲಿ ಬಣ್ಣದ ಗುಟ್ಟು ಏನಪ್ಪಾ ಅಂದ್ರೆ, ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಸಿರು-ಹಳದಿ ಇರುತ್ತೆ. ಗಾಳಿ ತಗುಲಿದ ಮೇಲೆ ಕಣ್ಣೆದುರೇ ನೀಲಿಗೆ ತಿರುಗುತ್ತೆ. ಹೀಗಾಗಿ ಅದನ್ನು ಅಚ್ಚಿನಲ್ಲಿ ನೇರವಾಗಿ ಒತ್ತೋದು ಕಷ್ಟ. ಮೋರಿಸ್ ಹಿಡಿದದ್ದು ಉಲ್ಟಾ ದಾರಿ. ಮೊದಲು ಇಡೀ ಬಟ್ಟೆಯನ್ನು ನೀಲಿಯಲ್ಲಿ ಅದ್ದೋದು. ಆಮೇಲೆ ಬಣ್ಣ ತೆಗೆಯುವ ಪದಾರ್ಥವನ್ನು ಮರದ ಅಚ್ಚಿನಲ್ಲಿ ಒತ್ತಿ, ಬೇಕಾದ ಕಡೆ ಬಿಳಿ, ಬೇಕಾದ ಕಡೆ ತಿಳಿನೀಲಿ ಮಾಡೋದು. ಆ ಖಾಲಿ ಜಾಗಕ್ಕೆ ಕೆಂಪು, ಹಳದಿ ತುಂಬೋದು. ಹೇಳೋಕೆ ಸುಲಭ. ಸರಿಯಾಗಿ ಕೈಗೆ ಹತ್ತೋಕೆ ವರ್ಷಗಳೇ ಹಿಡಿದವು.

1881ರಲ್ಲಿ ಲಂಡನ್ ಹೊರಗೆ ಮರ್ಟನ್ ಅಬೆಯಲ್ಲಿ, ವಾಂಡಲ್ ನದಿ ದಂಡೆಯ ಹಳೇ ಕಾರ್ಖಾನೆಯೊಂದನ್ನು ಹಿಡಿದರು. ನದಿ ನೀರು ತೊಳೆಯೋದಕ್ಕೆ, ಪಕ್ಕದ ಹುಲ್ಲುಗಾವಲು ಬಟ್ಟೆ ಹರವೋದಕ್ಕೆ. ಹತ್ತು ವರ್ಷದ ಹಿಂದೆ ಕೆಟ್ಟಿದ್ದ ಆ ಟ್ಯುಲಿಪ್ ಡಿಸೈನನ್ನು 1883ರಲ್ಲಿ ಇಲ್ಲಿ ಮತ್ತೆ ಒತ್ತಿದರು. ಆಗ ಬಂತು ಅವರಿಗೆ ಬೇಕಾಗಿದ್ದ ನೀಲಿ.

ಕಳ್ಳ ಸಿಕ್ಕಿದ್ದು ಹಿತ್ತಲಲ್ಲಿ

ಮೋರಿಸ್ 1871ರಲ್ಲಿ ಥೇಮ್ಸ್ ನದಿ ಹತ್ತಿರದ ಕೆಲ್ಮ್‌ಸ್ಕಾಟ್ ಹಳ್ಳಿಯಲ್ಲಿ ಹಳೇ ಮನೆಯೊಂದನ್ನು ಗೆಳೆಯ ರೊಸೆಟ್ಟಿ ಜೊತೆ ಸೇರಿ ಬಾಡಿಗೆಗೆ ಹಿಡಿದಿದ್ದರು. ಈ ಮನೆಯಲ್ಲಿ ಸುಖವೇ ಇತ್ತು ಅಂತಲ್ಲ. ಜೇನ್ ಮತ್ತು ರೊಸೆಟ್ಟಿ ಹತ್ತಿರವಾಗಿದ್ದರು. ಮೋರಿಸ್ ಅದೇ ವರ್ಷ ಐಸ್‌ಲ್ಯಾಂಡ್‌ಗೆ ಹೋದರು, 1873ರಲ್ಲಿ ಮತ್ತೊಮ್ಮೆ ಹೋದರು. ರೊಸೆಟ್ಟಿ 1874ರಲ್ಲಿ ಮನೆ ಬಿಟ್ಟರು. ಮೋರಿಸ್ ಮಾತ್ರ ಆ ಮನೆಯನ್ನು ಕೊನೆವರೆಗೂ ಬಿಡಲಿಲ್ಲ.

ಅಲ್ಲಿನ ತೋಟದಲ್ಲಿ ಸ್ಟ್ರಾಬೆರಿ ಪಾತಿ. ಥ್ರಷ್ ಅಂತ ಎದೆ ಮೇಲೆ ಚುಕ್ಕಿ ಇರೋ ಹಕ್ಕಿಗಳು ಹಣ್ಣಿಗೆ ಬರ್ತಿದ್ದವು. ತೋಟದವನಿಗೆ ಅವುಗಳ ಕತ್ತು ಹಿಸುಕುವಷ್ಟು ಸಿಟ್ಟು. ಮೋರಿಸ್ ಬೆಳಿಗ್ಗೆ ಎದ್ದು ಹೋಗಿ ಹಕ್ಕಿಗಳ ಆಟ ನೋಡುತ್ತಾ ನಿಲ್ಲುತ್ತಿದ್ದರು, ಒಂದನ್ನೂ ಮುಟ್ಟಕೂಡದು ಅಂತ ತೋಟದವನಿಗೆ ಹೇಳಿದ್ದರು. ಇದನ್ನು ಮುಂದೆ ಬರೆದವರು ಮಗಳು ಮೇ. 1883ರ ಮೇ ತಿಂಗಳಲ್ಲಿ ಡಿಸೈನ್ ನೋಂದಣಿಯಾಯಿತು. ನೀಲಿ ನೆಲದ ಮೇಲೆ ಕೆಂಪು, ಹಳದಿ ಎರಡೂ ಕೂಡಿಸಿದ ಅವರ ಮೊದಲ ಕೆಲಸ ಇದು.

ಹಕ್ಕಿಗಳನ್ನು ತೋಟದವನೂ ನೋಡಿದ್ದ, ಮೋರಿಸ್ ಕೂಡ ನೋಡಿದರು. ಇವರಿಗೆ ಮಾತ್ರ ಅದು ಡಿಸೈನ್ ಆಯಿತು. ಯಾಕೆ? ಹಕ್ಕಿ ಬರೆಯೋದು ಕಲಿತಿದ್ದರು, ನೀಲಿ ತೊಟ್ಟಿ ಸಿದ್ಧವಿತ್ತು, ಅಚ್ಚು ಎಲ್ಲಿ ಏನು ಮಾಡುತ್ತೆ ಅಂತ ಗೊತ್ತಿತ್ತು. ಆ ಎಲ್ಲ ಕೆಲಸ ಕಲಿತ ಕಣ್ಣಿಗೆ ಬಿದ್ದದ್ದರಿಂದ ಕಳ್ಳ ಹಕ್ಕಿ ಬಟ್ಟೆಗೆ ಬಂತು.

ನದಿಗಳ ಕಥೆಯೂ ಇದೇ. ಎವನ್‌ಲೋಡ್, ಮೆಡ್‌ವೇ, ಕ್ರೇ ಮುಂತಾಗಿ ನದಿಗಳ ಹೆಸರಿಟ್ಟು ಸಾಲಾಗಿ ಬಟ್ಟೆ ಡಿಸೈನ್ ಮಾಡಿದರು. ಕಾರ್ಖಾನೆ ಪಕ್ಕದ ವಾಂಡಲ್‌ಗೂ 1884ರಲ್ಲಿ ಒಂದು ಬಂತು. ಒಮ್ಮೆ ಹೊಳೆ ದಂಡೆಯಲ್ಲಿ ನಡೆಯುವಾಗ ವಿಲೋ ಎಲೆಗಳು ಒಂದರ ಹಾಗೆ ಒಂದಿಲ್ಲ ಅಂತ ಮಗಳಿಗೆ ತೋರಿಸಿದರು. ಸ್ವಲ್ಪ ದಿನಕ್ಕೇ, 1887ರಲ್ಲಿ, ವಿಲೋ ಕೊಂಬೆಯ ಗೋಡೆಕಾಗದ ಸಿದ್ಧ.

ಹಾಗಂತ ಹಿತ್ತಲು ನೋಡಿದರೆ ಸಾಕು ಅಂತ ಆತ ತಿಳಿದಿರಲಿಲ್ಲ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂನಲ್ಲಿ ಇಟಲಿಯ ವೆಲ್ವೆಟ್, ಪರ್ಷಿಯಾದ ಕಾರ್ಪೆಟ್, ನಮ್ಮ ದೇಶದ ಬಟ್ಟೆಗಳನ್ನು ಗಂಟೆಗಟ್ಟಲೆ ನೋಡಿದರು. ಹಳೆಯದನ್ನು ಕಲಿಯಬೇಕು, ಕಣ್ಣೆದುರಿನ ಗಿಡವನ್ನೂ ನೋಡಬೇಕು, ಎರಡನ್ನೂ ಹಾಗೇ ಕಾಪಿ ಹೊಡೆಯಬಾರದು. ಡಿಸೈನ್ ಬಗ್ಗೆ ಮಾಡಿದ ಭಾಷಣಗಳಲ್ಲಿ ಇದನ್ನೇ ಹೇಳುತ್ತಾ ಬಂದರು. 1879ರಲ್ಲಿ ಮಲಗುವ ಕೋಣೆಯಲ್ಲೇ ಮಗ್ಗ ಹಾಕಿಸಿಕೊಂಡು, ಬೆಳಿಗ್ಗೆ ಬೇಗ ಎದ್ದು ಒಂದು ಚಿತ್ರಪರದೆ ನೇಯ್ದರು. ಹಿಡಿದ ಸಮಯ 516 ಗಂಟೆ 30 ನಿಮಿಷ. ಲೆಕ್ಕ ಬರೆದಿಟ್ಟವರೂ ಅವರೇ.

ಯಾರಿಗಾಗಿ ಈ ಬಟ್ಟೆ?

ಈಗ ಕಹಿ ಭಾಗ. ಸ್ಟ್ರಾಬೆರಿ ಕಳ್ಳನ ಒಂದೊಂದು ಥಾನು ಮುಗಿಯೋಕೆ ದಿನಗಟ್ಟಲೆ ಬೇಕು. ಕಂಪನಿಯ ಹತ್ತಿಬಟ್ಟೆಗಳಲ್ಲೇ ದುಬಾರಿಯಾದವುಗಳಲ್ಲಿ ಇದೂ ಒಂದು. ಚೆನ್ನಾಗಿ ಮಾರಾಟವಾಯಿತು, ಆದರೆ ಕೊಂಡವರೆಲ್ಲ ಸಾಹುಕಾರರು. ಮರ್ಟನ್‌ನಲ್ಲಿ ಅಚ್ಚು ಒತ್ತಿದವನ ಮನೆಯ ಕಿಟಕಿಗೆ ಆ ಪರದೆ ಬರುವ ಮಾತೇ ಇಲ್ಲ. ಇಂಗ್ಲೆಂಡಿಗೆ ಹೋಗುತ್ತಿದ್ದ ನೀಲಿಯಾದರೂ ಹೆಚ್ಚಾಗಿ ನಮ್ಮ ಬಂಗಾಳ, ಬಿಹಾರದ ಹೊಲಗಳದ್ದು. ಬಲವಂತದ ನೀಲಿ ಬೆಳೆ ಬೇಡ ಅಂತ ಬಂಗಾಳದ ರೈತರು 1859-60ರಲ್ಲೇ ದಂಗೆ ಎದ್ದಿದ್ದರು.

ಮೋರಿಸ್‌ಗೆ ತಮ್ಮ ಗಿರಾಕಿಗಳ ವಿಷಯ ಚುಚ್ಚುತ್ತಿತ್ತು. ಕಬ್ಬಿಣದ ಉದ್ಯಮಿಯೊಬ್ಬನ ಮನೆ ಅಲಂಕಾರ ಮಾಡುವಾಗ, ತನ್ನ ಬದುಕೆಲ್ಲ ಶ್ರೀಮಂತರ ಶೋಕಿಗೆ ಸವೆದುಹೋಗ್ತಿದೆ ಅಂತ ರೇಗಿದ್ದರಂತೆ. ಒಳ್ಳೆಯ ವಸ್ತು ಕೆಲವರಿಗೆ ಮಾತ್ರ ಸಿಗೋದಾದರೆ ಆ ಕಲೆಯೇ ಬೇಡ ಅನ್ನೋ ಮಟ್ಟಕ್ಕೆ ಬಂದರು. ಹಕ್ಕಿಯ ಡಿಸೈನ್ ಬಂದ ಅದೇ 1883ರಲ್ಲಿ ಸಮಾಜವಾದಿ ಸಂಘಟನೆ ಸೇರಿದರು. ರಸ್ತೆ ಮೂಲೆಯಲ್ಲಿ ನಿಂತು ಕಾರ್ಮಿಕರಿಗೆ ಭಾಷಣ ಮಾಡಿದರು. ಕಾರ್ಖಾನೆ ಮಾಲೀಕನೇ ಸಮಾಜವಾದ ಹೇಳ್ತಾನೆ ಅಂತ ವಿರೋಧಿಗಳು ಅಣಕಿಸಿದರು. ಅಣಕದಲ್ಲಿ ಸತ್ಯ ಇರಲಿಲ್ಲ ಅಂತ ಹೇಳೋಕಾಗಲ್ಲ. ಕೈಯಿಂದ ಚೆನ್ನಾಗಿ ಮಾಡಿದರೆ ಬೆಲೆ ಏರುತ್ತೆ, ಬೆಲೆ ಇಳಿಸಿದರೆ ಕೈಕೆಲಸ ಸಾಯುತ್ತೆ. ಈ ಗಂಟನ್ನು ಮೋರಿಸ್ ಕೂಡ ಬಿಚ್ಚಲಾಗಲಿಲ್ಲ. ಕೈಮಗ್ಗದ ಸೀರೆ ಮಾರೋ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1896ರ ಅಕ್ಟೋಬರ್ 3ರಂದು, 62ನೇ ವಯಸ್ಸಿಗೆ ಮೋರಿಸ್ ತೀರಿಕೊಂಡರು. ಹತ್ತು ಜನರ ಕೆಲಸ ಒಬ್ಬನೇ ಮಾಡಿದ್ದೇ ಕಾಯಿಲೆ ಅಂತ ವೈದ್ಯರೊಬ್ಬರು ಹೇಳಿದರಂತೆ. ಕೆಲ್ಮ್‌ಸ್ಕಾಟ್‌ಗೆ ಹೆಣ ತಂದದ್ದು ಹೊಲದ ಗಾಡಿಯಲ್ಲಿ. ಅವತ್ತು ಜೋರು ಗಾಳಿ, ಮಳೆ. ಗಾಡಿಗೆ ಕಟ್ಟಿದ್ದು ಬಳ್ಳಿ ಮತ್ತು ವಿಲೋ ಕೊಂಬೆ. ಎಷ್ಟೋ ಗೋಡೆಗೆ, ಎಷ್ಟೋ ಬಟ್ಟೆಗೆ ಆತ ಇಳಿಸಿದ್ದ ಅದೇ ಎಲೆಗಳು.