ಗುಡಾರವೇ ಕಚೇರಿಯಾಗಿದ್ದ ಮನ್ರೋ ಸಾಹೇಬ

ಸರಕಾರಿ ಕಚೇರಿಯ ವೇಳೆ ಹತ್ತರಿಂದ ಐದು ಎಂಬುದು ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಆದರೆ ಗದ್ದೆಯ ಕೆಲಸ ಬಿಟ್ಟು ಬರುವ ರೈತನಿಗೆ ಆ ವೇಳೆ ಹೊಂದುವುದು ಅಷ್ಟು ಸುಲಭವಲ್ಲ. ಬೆಳಗಿನ ಬಸ್ಸು ಹಿಡಿದು ಬಂದರೆ ಗುಮಾಸ್ತರು ಇನ್ನೂ ಬಂದಿಲ್ಲ. ಗುಮಾಸ್ತರಿದ್ದರೆ ಸಾಹೇಬರು ಕ್ಯಾಂಪಿನಲ್ಲಿ. ಇಬ್ಬರೂ ಸಿಕ್ಕಿದರೆ ಅರ್ಜಿಯ ಭಾಷೆ ಅವರಿಗೆ ತಿಳಿಯದು. ಅಂತೂ ಒಂದು ದಿನದ ಕೂಲಿ ಹೋಯಿತು. ಗಡಿನಾಡಿನ ಕನ್ನಡಿಗರ ಮನೆಗಳಲ್ಲಿ ಈ ಮಾತು ಹೊಸತಲ್ಲ. ಇಲ್ಲಿ ನಮ್ಮ ಕಾಸರಗೋಡಿನಲ್ಲಿ ಹೇಗೋ, ಅಲ್ಲಿ ತಮಿಳುನಾಡಿನ ಹೊಸೂರು, ಡೆಂಕಣಿಕೋಟೆಗಳ ಕಡೆಯೂ ಹಾಗೆಯೇ.

ಈ ಎರಡೂ ಸೀಮೆಗಳ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವ ಅಧಿಕಾರಿಯೊಬ್ಬನಿದ್ದಾನೆ. ಆತನ ಕಚೇರಿಗೆ ಬಾಗಿಲಿರಲಿಲ್ಲ, ಬಾಗಿಲು ಮುಚ್ಚುವ ವೇಳೆಯೂ ಇರಲಿಲ್ಲ. ಸರ್ ಥಾಮಸ್ ಮನ್ರೋ ಎಂಬ ಹೆಸರನ್ನು ವಾಚಕರು ಕೇಳಿರಬಹುದು. ಮಂತ್ರಾಲಯದ ಮಠದ ಜಮೀನಿನ ವಿಚಾರಣೆಗೆ ಹೋದಾಗ ರಾಘವೇಂದ್ರ ಸ್ವಾಮಿಗಳು ಈತನಿಗೆ ದರ್ಶನವಿತ್ತು ಮಾತನಾಡಿದರೆಂಬ ಐತಿಹ್ಯ ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧ. ಅದಿರಲಿ. ನಾವು ಇಲ್ಲಿ ಹೇಳಹೊರಟಿರುವುದು ಆತನ ಕೆಲಸದ ದಿನದ ಕತೆಯನ್ನು.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಮೆರಿಕದೊಡನೆ ಹೊಗೆಸೊಪ್ಪಿನ ವ್ಯಾಪಾರ ನಡೆಸುತ್ತಿದ್ದ ವರ್ತಕ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಆ ವ್ಯಾಪಾರ ಮುಳುಗಿ ಮನೆ ಬಡವಾಯಿತು. ಮಗ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ಹೈದರಾಲಿಯ ಮೇಲಿನ ಯುದ್ಧ, ಆಮೇಲೆ ಟಿಪ್ಪುವಿನ ಮೇಲಿನ ಯುದ್ಧ ಎರಡರಲ್ಲೂ ಇದ್ದ. ಓದುವ ಹುಚ್ಚು ಮಾತ್ರ ಚಿಕ್ಕಂದಿನಿಂದ ಬಿಡಲಿಲ್ಲ. ಡಾನ್ ಕ್ವಿಕ್ಸೋಟನ ಕತೆಯನ್ನು ಮೂಲದಲ್ಲೇ ಓದಬೇಕೆಂದು ಹುಡುಗನಾಗಿದ್ದಾಗ ತಾನೇ ಸ್ಪಾನಿಷ್ ಕಲಿತವನು, ಇಲ್ಲಿಗೆ ಬಂದು ಪಾರಸಿ, ಹಿಂದೂಸ್ಥಾನಿಗಳನ್ನು ಕಲಿತ.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಬಾರಾಮಹಲೂ ಒಂದು. ಕೃಷ್ಣಗಿರಿ, ಧರ್ಮಪುರಿ, ತಿರುಪ್ಪತ್ತೂರುಗಳ ಬೆಟ್ಟಗುಡ್ಡದ ಸೀಮೆಯದು. ಹಿಂದಿನ ವರ್ಷವಷ್ಟೇ ಕಂಪೆನಿಯ ಸೈನ್ಯ ಕೃಷ್ಣಗಿರಿಯ ಕೋಟೆಗೆ ಲಗ್ಗೆ ಹಾಕಿ ಸೋತು ಹಿಮ್ಮೆಟ್ಟಿತ್ತು. ಈಗ ಅದೇ ಕೋಟೆ ಕಾಗದದ ಮೇಲಿನ ಸಹಿಯಿಂದ ಕೈಗೆ ಬಂತು. ಈ ಸೀಮೆಯ ಕಂದಾಯದಾಡಳಿತಕ್ಕೆ ಗವರ್ನರ್ ಜನರಲ್ ಕಾರ್ನವಾಲಿಸ್ ಮದರಾಸಿನ ಸಿವಿಲ್ ಅಧಿಕಾರಿಗಳನ್ನು ಬಿಟ್ಟು ಸೈನ್ಯದವರನ್ನು ಆರಿಸಿದ. ಕಾರಣ ಸರಳ: ಆ ಸಿವಿಲ್ ಅಧಿಕಾರಿಗಳಲ್ಲಿ ಜನರ ಭಾಷೆ ಬಲ್ಲವರು ತೀರಾ ಕಡಿಮೆ. ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ಪರದೇಶಿ ಪ್ರಭುವಿಗೆ ಹೊಳೆದ ಈ ವಿಷಯ ಆಮೇಲೆ ಬಂದ ಎಷ್ಟೋ ಸರಕಾರಗಳಿಗೆ ಹೊಳೆಯದೆ ಹೋದದ್ದು ಸೋಜಿಗ. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮೇಲಧಿಕಾರಿ. ಆತನ ಸಹಾಯಕರಲ್ಲಿ ಒಬ್ಬ ಮೂವತ್ತರ ಪ್ರಾಯದ ಲೆಫ್ಟಿನೆಂಟ್ ಮನ್ರೋ.

ಆಗ ಬಂಗಾಳದಲ್ಲಿ ಬೇರೆಯೇ ಏರ್ಪಾಡು. 1793ರ ಶಾಶ್ವತ ಜಮಾಬಂದಿಯಲ್ಲಿ ಸರಕಾರ ಜಮೀನ್ದಾರರೊಡನೆ ಮಾತ್ರ ವ್ಯವಹರಿಸಿದರೆ ಸಾಕು, ರೈತನ ಮುಖ ನೋಡಬೇಕಾಗಿಲ್ಲ. ಅಂಥ ಕಡೆ ಕಲೆಕ್ಟರನಿಗೆ ಕಚೇರಿಯ ವೇಳೆ ಇಟ್ಟುಕೊಳ್ಳುವುದು ಕಷ್ಟವೇನಲ್ಲ. ಬಾರಾಮಹಲಿನಲ್ಲಿ ರೀಡ್ ಮತ್ತು ಆತನ ಸಹಾಯಕರು ಹಿಡಿದ ದಾರಿ ಬೇರೆ. ಹೊಲ ಹೊಲವನ್ನೂ ಅಳೆಯಬೇಕು, ಮಣ್ಣು ನೋಡಬೇಕು, ತೀರ್ವೆ ಕಟ್ಟಬೇಕು, ಆಮೇಲೆ ಒಬ್ಬೊಬ್ಬ ರೈತನೊಡನೆಯೂ ಕೂತು ಇಷ್ಟೆಂದು ನಿಶ್ಚಯಿಸಬೇಕು. ಮೊದಲು ಹಲವು ವರ್ಷಗಳ ಗೇಣಿಯ ಯೋಚನೆಯಿತ್ತು. ರೈತರಿಗೆ ಅದು ಹಿಡಿಸಲಿಲ್ಲ. 1796ರ ಡಿಸೆಂಬರಿನಲ್ಲಿ ರೀಡ್ ಹೊರಡಿಸಿದ ಪ್ರಕಟಣೆಯ ಪ್ರಕಾರ ರೈತ ವರ್ಷ ವರ್ಷ ತನಗೆ ಬೇಕಾದ ಹೊಲವನ್ನು ಇಟ್ಟುಕೊಂಡು ಬೇಡವಾದುದನ್ನು ಬಿಡಬಹುದಾಯಿತು. ಮುಂದೆ ರೈತವಾರಿ ಎಂದು ಹೆಸರಾಗಿ ದಕ್ಷಿಣದೇಶದ ಬಹುಭಾಗಕ್ಕೆ ಹಬ್ಬಿದ್ದು ಇದೇ ಪದ್ಧತಿ. ಮೊಳಕೆಯೊಡೆದದ್ದು ಕೃಷ್ಣಗಿರಿಯ ಸೀಮೆಯಲ್ಲಿ, ರೀಡನ ಕೈಯಲ್ಲಿ. ಬೆಳೆಸಿದ ಕೀರ್ತಿ ಮನ್ರೋಗೆ ಸಂದಿತು.

ಆದರೆ ಸಾವಿರಾರು ರೈತರೊಡನೆ ಒಬ್ಬೊಬ್ಬರಾಗಿ ಮಾತಾಡಬೇಕಾದವನಿಗೆ ಹತ್ತರಿಂದ ಐದು ಎಲ್ಲಿ ಸಾಕು? ಮನ್ರೋ ಗುಡಾರ ಹೊತ್ತು ಊರಿಂದೂರಿಗೆ ತಿರುಗಿದ. ಆ ದಿನಗಳಲ್ಲಿ ಮನೆಗೆ ಬರೆದ ಪತ್ರವೊಂದರಲ್ಲಿ ತನ್ನ ಅವಸ್ಥೆಯನ್ನು ಆತ ವಿವರಿಸಿದ್ದಾನೆ. ದಿನದಲ್ಲಿ ಒಂದು ಗಂಟೆಯನ್ನೂ ತನ್ನದೆನ್ನುವಂತಿಲ್ಲ. ಪತ್ರ ಬರೆಯುತ್ತಿರುವಾಗಲೇ ಸುತ್ತ ಹತ್ತು ಹನ್ನೆರಡು ಜನ ಮಾತಾಡುತ್ತಿದ್ದಾರೆ. ಬೆಳಿಗ್ಗೆ ಏಳಕ್ಕೆ ಬರತೊಡಗಿದವರು ಮಧ್ಯಾಹ್ನ ಹನ್ನೆರಡಾದರೂ ಗುಂಪುಗುಂಪಾಗಿ ಬಂದು ಹೋಗುತ್ತಲೇ ಇದ್ದಾರೆ. ಒಬ್ಬನದು ಅಪ್ಪ ಮಾಡಿದ ಮೂವತ್ತು ವರ್ಷದ ಸಾಲದ ಕತೆ. ಇನ್ನೊಬ್ಬನದು ಯುದ್ಧಕಾಲದಲ್ಲಿ ತಾನು ಊರಲ್ಲಿಲ್ಲದಾಗ ಅಣ್ಣತಮ್ಮ ಆಸ್ತಿ ನುಂಗಿದ ದೂರು. ಮತ್ತೊಬ್ಬನಿಗೆ ಒಳ್ಳೆಯ ಎತ್ತಿಗಿಂತ ಹೆಚ್ಚು ದುಡಿಯುತ್ತಿದ್ದ ಹೆಂಡತಿ ಸತ್ತುಹೋಗಿ ಎಂದಿನ ತೀರ್ವೆ ಕಟ್ಟಲು ಕೈಯಲ್ಲಿ ಕಾಸಿಲ್ಲ. ಕತೆ ಉದ್ದ, ಅದರಲ್ಲಿ ಹುರುಳಿರುವ ಮಾತು ನಾಲ್ಕೇ ನಾಲ್ಕು. ಆದರೂ ನಡುವೆ ಬಾಯಿ ಹಾಕದೆ ಕೇಳಬೇಕು ಎಂಬುದು ಆತನ ನಿಲುವು.

ಕಂದಾಯ ಎತ್ತುವ ಕೆಲಸಕ್ಕೆ ಬಂದವನು ಸಾಲದ ಕತೆ, ಹೆಂಡತಿ ಸತ್ತ ಕತೆ ಏಕೆ ಕೇಳಬೇಕು ಎನ್ನಬಹುದು. ಕೇಳದಿದ್ದರೆ ಯಾರಿಗೆ ಎಷ್ಟು ಹೊರಲು ಶಕ್ತಿಯಿದೆ ಎಂದು ತಿಳಿಯುವುದು ಹೇಗೆ? ಹಳ್ಳಿಯ ಲೆಕ್ಕದವರು ಬರೆದುಕೊಟ್ಟದ್ದೇ ಗತಿಯಾಗುತ್ತಿತ್ತು. ದಯೆ ದಾಕ್ಷಿಣ್ಯಕ್ಕಿಂತ ಹೆಚ್ಚಾಗಿ ಇದು ಕೆಲಸದ ಅಗತ್ಯವಾಗಿತ್ತೆಂದೇ ನಮಗೆ ತೋರುತ್ತದೆ. ಕಂಪೆನಿ ಧರ್ಮಸತ್ರವೇನೂ ಅಲ್ಲ. ಗುಡಾರದೊಳಗಿನ ತಾಳ್ಮೆಯ ಕೊನೆಗೆ ವಸೂಲಿ ಇದ್ದೇ ಇತ್ತು.

ಧರ್ಮಪುರಿಯಲ್ಲಿ ಆತನಿಗೊಂದು ಮನೆಯೂ ತಾನೇ ಆಸೆಪಟ್ಟು ಬೆಳೆಸಿದ ತೋಟವೂ ಇದ್ದವು. ಏಳು ವರ್ಷ ಆ ಸೀಮೆಯಲ್ಲಿದ್ದು, ಬಿಟ್ಟುಹೋಗುವಾಗ ಬಹಳ ನೊಂದುಕೊಂಡ. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜ್ಯದ ಪಾಲುಪಟ್ಟಿಯಾಯಿತು. ಆ ಆಯೋಗದ ಕಾರ್ಯದರ್ಶಿಗಳಿಬ್ಬರಲ್ಲಿ ಮನ್ರೋ ಒಬ್ಬ, ಜಾನ್ ಮಾಲ್ಕಂ ಇನ್ನೊಬ್ಬ. ಹೊಸೂರು ಕಂಪೆನಿಯ ಪಾಲಿಗೆ ಬಂದದ್ದು ಆ ಹಂಚಿಕೆಯಲ್ಲೇ. ಮುಂದೆ ಅದು ಮದರಾಸಿನ ಸೇಲಂ ಜಿಲ್ಲೆಗೆ ಸೇರಿ, 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಹೋಯಿತು.

ಅದೇ ಹಂಚಿಕೆಯಲ್ಲಿ ನಮ್ಮ ಕನ್ನಡ ಜಿಲ್ಲೆಯೂ ಕಂಪೆನಿಗೆ ಬಂತು. ಕಾರವಾರದಿಂದ ಬೇಕಲ, ನೀಲೇಶ್ವರಗಳವರೆಗಿನ ಕರಾವಳಿಗೆ ಮೊದಲ ಕಲೆಕ್ಟರನಾಗಿ ಮನ್ರೋ ಬಂದದ್ದು 1799ರ ಮಳೆಗಾಲದಲ್ಲಿ. ಬಾರಾಮಹಲಿನ ಒಣ ಬಯಲಿನಲ್ಲಿ ಬೀಡುಬಿಟ್ಟು ಅಭ್ಯಾಸವಾದವನಿಗೆ ನಮ್ಮ ಆಷಾಢದ ಮಳೆ ಹೇಗಾಗಿರಬೇಕೆಂದು ಊಹಿಸಬಹುದು. ಇಲ್ಲಿಂದ ಬಿಡಿಸಿರೆಂದು ಮೇಲಿನವರಿಗೆ ಮತ್ತೆ ಮತ್ತೆ ಬರೆದ. ಜನವೂ ಬಾರಾಮಹಲಿನವರಂತೆ ಬಂದು ನಿಲ್ಲುವವರಲ್ಲ. ವರ್ಗದ ಭೂಮಿಯ ಮೇಲೆ ವಂಶಪರಂಪರೆಯ ಹಕ್ಕಿದ್ದ ಒಕ್ಕಲು ಮನೆತನಗಳು. ಮೊದಮೊದಲು ಹಲವು ಕಡೆಯವರು ಕಚೇರಿಗೆ ಬರಲೇ ಒಪ್ಪಲಿಲ್ಲ. ಶಾನುಭಾಗರ ಹಳೆಯ ಕಡತಗಳನ್ನು ತರಿಸಿ ನೋಡಿದ ಮೇಲೆ, ಇಲ್ಲಿ ಭೂಮಿ ಸರಕಾರದ್ದಲ್ಲ, ಖಾಸಗಿ ಸ್ವತ್ತು ಎಂದು ಆತನೇ ವರದಿ ಬರೆದ. ವಿಟ್ಲದ ಅರಸರ ದಂಗೆಯನ್ನು 1800ರಲ್ಲಿ ಅಡಗಿಸಿದವನೂ ಈತನೇ ಎಂಬುದನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಿಗೆ ವರ್ಗವಾಯಿತು. ಅಲ್ಲಿಯೂ ವರ್ಷಗಟ್ಟಲೆ ಗುಡಾರವಾಸವೇ. ಈ ಅಲೆದಾಟದ ಕಾಲದ ಪತ್ರವೊಂದರಲ್ಲಿ ಬರೆದಿರುವಂತೆ, ಬೆಳಗು ಹರಿದಲ್ಲಿಂದ ರಾತ್ರಿ ಹನ್ನೊಂದು ಹನ್ನೆರಡರವರೆಗೆ ಆತ ಒಂಟಿಯಾಗಿರುತ್ತಿದ್ದುದು ಊಟದ ಹೊತ್ತಿನಲ್ಲಿ ಮಾತ್ರ. ಎಲ್ಲ ಊಟಗಳೂ ಸೇರಿ ಒಂದು ಗಂಟೆ ಆಗದು. ಒಂದು ಕಡೆ ಜಮಾಬಂದಿ, ಇನ್ನೊಂದು ಕಡೆ ಕೊಲೆ ದರೋಡೆಗಳ ವಿಚಾರಣೆ. ಮಹಡಿ ಮನೆಯಲ್ಲಾದರೆ ತುರ್ತು ಕೆಲಸವಿದೆಯೆಂದು ನೆಪ ಹೇಳಿ ಅಗುಳಿ ಹಾಕಿಕೊಳ್ಳಬಹುದು, ಗುಡಾರಕ್ಕೆ ಅಗುಳಿ ಎಲ್ಲಿಯದು? ಹಾಸಿಗೆಯೊಂದೇ ಆಶ್ರಯ, ಅದೂ ಅರೆನಿದ್ದೆ. ಇಷ್ಟರಲ್ಲೂ ಡಾನ್ ಕ್ವಿಕ್ಸೋಟನ ಸೇವಕ ಸ್ಯಾಂಕೋನನ್ನು ನೆನೆದು, ಹೊಟ್ಟೆ ತುಂಬಿದ್ದರೆ ಯಾವ ದ್ವೀಪವನ್ನಾದರೂ ಆಳಬಹುದೆಂದು ತಮಾಷೆ ಮಾಡುತ್ತಾನೆ. ಇದನ್ನು ಓದಿ ಈಗಿನ ನೌಕರರೂ ಹೀಗೆಯೇ ಇರಬೇಕೆಂದು ನಾವು ಹೇಳುವುದಿಲ್ಲ. ಮನ್ರೋ ಮದುವೆಯಾದದ್ದು 1814ರಲ್ಲಿ, ಐವತ್ತು ದಾಟಿದ ಮೇಲೆ. ಹೆಂಡತಿ ಮಕ್ಕಳಿರುವ ಗುಮಾಸ್ತನಿಗೆ ಮನೆಗೆ ಹೋಗುವ ವೇಳೆಯೊಂದು ಬೇಕೇ ಬೇಕು. ಆ ಗುಡಾರದಲ್ಲಿ ನಡುರಾತ್ರಿಯವರೆಗೆ ಲೆಕ್ಕ ಬರೆದ ನಮ್ಮವರೇ ಆದ ಬರವಣಿಗೆಯವರ ಹೆಸರನ್ನು ಯಾರ ಪತ್ರವೂ ಹೇಳುವುದಿಲ್ಲ.

ಇಷ್ಟು ಕೇಳಿದ್ದರಿಂದ ರೈತನಿಗೆ ಸಿಕ್ಕಿದ್ದೇನು ಎಂಬುದು ಮುಖ್ಯ ಪ್ರಶ್ನೆ. 1807ರಲ್ಲಿ ಬಳ್ಳಾರಿ ಸೀಮೆಯನ್ನು ಬಿಡುವ ಹೊತ್ತಿಗೆ ಅಲ್ಲಿನ ತೀರ್ವೆ ಹೆಚ್ಚೆಂದು ಮನ್ರೋಗೆ ಖಚಿತವಾಗಿತ್ತು. ಕಟ್ಟಿದವನು ತಾನೇ. ನೂರಕ್ಕೆ ಇಪ್ಪತ್ತೈದು ಇಳಿಸಬೇಕೆಂದು ಬರೆದಿಟ್ಟು ಸ್ವದೇಶಕ್ಕೆ ಹೋದ. ಸರಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. 1820ರಲ್ಲಿ ಆತನೇ ಮದರಾಸಿನ ಗವರ್ನರನಾಗಿ ಬಂದ ಮೇಲಷ್ಟೇ ಆ ಇಳಿಕೆ ಜಾರಿಯಾದದ್ದು. ಗುಡಾರದಲ್ಲಿ ಕೇಳಿದ ಅಹವಾಲು ಆಜ್ಞೆಯಾಗಿ ಹೊರಬೀಳಲು ಹದಿಮೂರು ವರ್ಷ ಹಿಡಿಯಿತು, ಅದೂ ಕೇಳಿದವನೇ ಗದ್ದುಗೆಗೇರಿದ್ದರಿಂದ. ಅಷ್ಟರಲ್ಲಿ ಊರು ಬಿಟ್ಟ ಸಂಸಾರಗಳಿಗೆ ಅದರಿಂದೇನು ಪ್ರಯೋಜನ?

ಗವರ್ನರನಾದ ಮೇಲೆ ದಿನಚರಿಗೆ ಒಂದು ಕಟ್ಟುಪಾಡು ಬಂತು. ಆದರೆ ಬೆಳಗಿನ ಮೊದಲ ಎರಡು ಗಂಟೆಯನ್ನು ನಡಿಗೆಗೋ ಕುದುರೆ ಸವಾರಿಗೋ ಮೀಸಲಿಟ್ಟಿದ್ದ. ಆ ಹೊತ್ತಿನಲ್ಲಿ ದೇಶೀಯರು ಯಾರು ಬೇಕಾದರೂ ಎದುರಾಗಿ ಮಾತಾಡಬಹುದಿತ್ತು. ನಿಂತು ಕೇಳಿ, ಅರ್ಜಿಯನ್ನು ತನ್ನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದ. ಪಹರೆಯವರ, ದ್ವಿಭಾಷಿಗಳ ಹಂಗಿಲ್ಲದೆ ಗವರ್ನರನನ್ನು ಕಾಣುವ ವೇಳೆ ಅದು. ಕಚೇರಿ ತೆರೆಯುವ ಮುಂಚಿನ ಈ ಎರಡು ಗಂಟೆಯೇ ಆತನ ಆಡಳಿತದ ಅತ್ಯುತ್ತಮ ವೇಳೆಯೆಂದು ನಾವು ಎಣಿಸುತ್ತೇವೆ. ದೇಶೀಯರಿಗೆ ದೊಡ್ಡ ಹುದ್ದೆಗಳನ್ನೂ ತಕ್ಕ ಸಂಬಳವನ್ನೂ ಕೊಡಬೇಕೆಂದು 1824ರಲ್ಲಿ ಬರೆದ ಟಿಪ್ಪಣಿಯೂ ಆತನದೇ.

ಇಂದು ತಮಿಳುನಾಡಿನ ತಾಲೂಕು ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ, ಸೋಮವಾರಗಳಂದು ಕಲೆಕ್ಟರರು ಜನರ ಅರ್ಜಿ ಸ್ವೀಕರಿಸುತ್ತಾರೆ. ಹೊಸೂರು ಕಡೆಯ ಹಳ್ಳಿಯಿಂದ ಕನ್ನಡದವನೂ ತೆಲುಗಿನವನೂ ಕೃಷ್ಣಗಿರಿಗೆ ಹೋಗಿ ಆ ಸಾಲಿನಲ್ಲಿ ನಿಲ್ಲಬೇಕು. ನಮ್ಮಲ್ಲಿ 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಬರೆದುಕೊಟ್ಟಿದೆ. ಕಚೇರಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದಕ್ಕಿಂತ, ತೆರೆದಿರುವಷ್ಟು ಹೊತ್ತು ಅರ್ಜಿ ಓದಬಲ್ಲವರು ಒಬ್ಬರು ಒಳಗಿದ್ದಾರೆಯೇ ಎಂಬುದೇ ನಮ್ಮ ಮನೆಗಳ ಪ್ರಶ್ನೆ. ಹೊಸೂರು ತಾಲೂಕಿನ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು, ತರುಣ ಅಧಿಕಾರಿಗಳು ಮನ್ರೋವಿನ ಚರಿತ್ರೆ ಓದಬೇಕೆಂದು ಹೇಳುತ್ತಿದ್ದರಂತೆ.

1826ರಲ್ಲಿ ಮನ್ರೋ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಬದಲಿಗೆ ಬರಬೇಕಾದವರು ಬೇಗ ಬರಲಿಲ್ಲ. ಕಾಯುವ ಬಿಡುವಿನಲ್ಲಿ, 1827ರ ಬೇಸಗೆಯಲ್ಲಿ, ಹಳೆಯ ಸೀಮೆಯ ಜನರನ್ನು ಕೊನೆಯ ಬಾರಿ ನೋಡಿಬರಲು ಮತ್ತೆ ಗುಡಾರ ಕಟ್ಟಿಸಿ ಹೊರಟ. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿ ಬೆಳೆದಿತ್ತು. ದಾರಿಯಲ್ಲಿ ಬೀಡಿನವರಿಗೆ ಕಾಲರಾ ತಗಲಿತು. ಜುಲೈ 6ರಂದು ಪತ್ತಿಕೊಂಡದ ಬೀಡಿನಲ್ಲಿ ಮನ್ರೋಗೂ ತಗಲಿ, ಅದೇ ರಾತ್ರಿ ತೀರಿಕೊಂಡ. ಗುತ್ತಿಯಲ್ಲಿ ಹೂಳಿದ ದೇಹವನ್ನು ಮುಂದೆ ಮದರಾಸಿನ ಕೋಟೆಯ ಇಗರ್ಜಿಗೆ ಒಯ್ದರು. ಮದರಾಸಿನಲ್ಲಿ ಕುದುರೆಯ ಮೇಲೆ ಕೂತ ಕಂಚಿನ ಪ್ರತಿಮೆಯಾಯಿತು. ಪತ್ತಿಕೊಂಡದಲ್ಲಿ ಸರಕಾರ ಒಂದು ತೋಪು ಬೆಳೆಸಿ ಮೆಟ್ಟಿಲ ಬಾವಿ ತೋಡಿಸಿತು. ಗುತ್ತಿಯಲ್ಲಿ ದಾರಿಹೋಕರು ಇಳಿದುಕೊಳ್ಳಲು ಆತನ ಹೆಸರಿನಲ್ಲಿ ಒಂದು ಛತ್ರ ಕಟ್ಟಿಸಿತು.