ಸೋಲನ್ನೂ ಲೆಕ್ಕಕ್ಕೆ ಬರೆದ ವೈದ್ಯ

ಯಾವುದೇ ಯೋಜನೆಯ ಪ್ರಗತಿ ವರದಿ ಕೈಗೆ ಬಂದಾಗ ಅನುಭವಿ ಅಧಿಕಾರಿ ಮೊದಲು ಹುಡುಕುವುದು ಅದರಲ್ಲಿ ಬಿಟ್ಟುಹೋಗಿರುವ ಅಂಕಿಗಳನ್ನು. ಫಲಾನುಭವಿಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಫಲ ಕಾಣದವರ ಪಟ್ಟಿ ಸಾಮಾನ್ಯವಾಗಿ ಇರುವುದೇ ಇಲ್ಲ. ವೈದ್ಯಕೀಯ ಕ್ಷೇತ್ರವೂ ಈ ದೌರ್ಬಲ್ಯಕ್ಕೆ ಹೊರತಲ್ಲ. ಆದ್ದರಿಂದಲೇ, 18ನೇ ಶತಮಾನದ ಇಂಗ್ಲೆಂಡಿನಲ್ಲಿ ವೈದ್ಯನೊಬ್ಬ ಹೃದಯ ವೈಫಲ್ಯದ ಮದ್ದೊಂದನ್ನು ಹತ್ತು ವರ್ಷಗಳ ಕಾಲ ಪರೀಕ್ಷಿಸಿ, ಗುಣವಾದವರ ಜೊತೆಗೆ ಗುಣವಾಗದವರ ಮತ್ತು ಆ ಮದ್ದಿನಿಂದಲೇ ನರಳಿದವರ ವಿವರಗಳನ್ನೂ ಪ್ರಕಟಿಸಿದ ಸಂಗತಿ ಇಂದಿಗೂ ನೆನೆಯತಕ್ಕದ್ದಾಗಿದೆ. ಆತನ ಹೆಸರು ವಿಲಿಯಂ ವಿದರಿಂಗ್.

ವಿದರಿಂಗ್ ಜನಿಸಿದ್ದು 1741ರ ಮಾರ್ಚ್ 17ರಂದು, ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತ್ಯದ ವೆಲಿಂಗ್ಟನ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಔಷಧಿಗಳನ್ನು ತಯಾರಿಸಿ ಚಿಕಿತ್ಸೆ ನೀಡುವ ವೃತ್ತಿಯವರು. ಮಗ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋಗಿ 1766ರಲ್ಲಿ ವೈದ್ಯ ಪದವಿ ಪಡೆದ. ವಿದ್ಯಾರ್ಥಿ ದೆಸೆಯಲ್ಲಿ ಆತನಿಗೆ ಹಿಡಿಸದೇ ಇದ್ದ ವಿಷಯವೆಂದರೆ ಸಸ್ಯಶಾಸ್ತ್ರ. ಮುಂದೆ ಆತನಿಗೆ ಕೀರ್ತಿ ತಂದುಕೊಟ್ಟದ್ದು ಅದೇ ಶಾಸ್ತ್ರ ಎಂಬುದು ವಿಚಿತ್ರವಾದರೂ ನಿಜ.

ಪದವಿ ಪಡೆದ ಬಳಿಕ ಸ್ಟಾಫರ್ಡ್ ಪಟ್ಟಣದ ಹೊಸ ಆಸ್ಪತ್ರೆಯಲ್ಲಿ ವಿದರಿಂಗ್ ವೈದ್ಯನಾದ. ಅಲ್ಲಿ ಚಿಕಿತ್ಸೆಗೆ ಬಂದ ಹೆಲೆನಾ ಎಂಬ ಯುವತಿಗೆ ಹೂಗಿಡಗಳ ಚಿತ್ರ ಬರೆಯುವ ಹವ್ಯಾಸವಿತ್ತು. ಆಕೆಗಾಗಿ ಕಾಡುಮೇಡುಗಳಿಂದ ಗಿಡಗಳನ್ನು ಹುಡುಕಿ ತರುತ್ತಿದ್ದ ವೈದ್ಯನಿಗೆ ಕ್ರಮೇಣ ಆ ಶಾಸ್ತ್ರದಲ್ಲೇ ಆಸಕ್ತಿ ಬೆಳೆಯಿತು. 1772ರಲ್ಲಿ ಇಬ್ಬರೂ ವಿವಾಹವಾದರು. 1776ರಲ್ಲಿ ವಿದರಿಂಗ್ ಬ್ರಿಟನ್ನಿನ ಸಸ್ಯಗಳನ್ನು ಲಿನೇಯಸ್‌ನ ಪದ್ಧತಿಗೆ ಅನುಸಾರವಾಗಿ ವರ್ಗೀಕರಿಸಿ, ಎರಡು ಸಂಪುಟಗಳ ಗ್ರಂಥವನ್ನು ಇಂಗ್ಲಿಷಿನಲ್ಲಿ ಹೊರತಂದ. ಲ್ಯಾಟಿನ್ ಬಾರದ ಸಾಮಾನ್ಯ ಓದುಗರಿಗೆ ಈ ವಿದ್ಯೆ ಎಟುಕುವಂತಾದುದರಲ್ಲಿ ಈ ಗ್ರಂಥದ ಪಾಲು ದೊಡ್ಡದು.

1775ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪ್ರಸಿದ್ಧ ವೈದ್ಯ ವಿಲಿಯಂ ಸ್ಮಾಲ್ ತೀರಿಕೊಂಡಾಗ, ತೆರವಾದ ಸ್ಥಾನಕ್ಕೆ ಬರುವಂತೆ ವಿದರಿಂಗ್‌ಗೆ ಸೂಚಿಸಿದವನು ಎರಾಸ್ಮಸ್ ಡಾರ್ವಿನ್. ಈತ ವೈದ್ಯ, ಕವಿ, ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ಅಜ್ಜ. ಬರ್ಮಿಂಗ್‌ಹ್ಯಾಮ್ ಆಗ ಕೈಗಾರಿಕಾ ಕ್ರಾಂತಿಯ ಕುಲುಮೆಯಂತಿತ್ತು. ವಿದರಿಂಗ್ ಅಲ್ಲಿ ಶ್ರೀಮಂತರ ವೈದ್ಯನಾಗಿ ಹೇರಳವಾಗಿ ಗಳಿಸಿದ; ಅದರೊಡನೆ ಪ್ರತಿ ವರ್ಷ ಎರಡರಿಂದ ಮೂರು ಸಾವಿರದಷ್ಟು ಬಡ ರೋಗಿಗಳಿಗೆ ಉಚಿತವಾಗಿ ಸಲಹೆಯನ್ನೂ ನೀಡುತ್ತಿದ್ದ.

ಆ ವರ್ಷವೇ ಆತನ ಮುಂದೆ ಒಂದು ಪ್ರಶ್ನೆ ಬಂತು. ಶ್ರಾಪ್‌ಷೈರಿನ ವೃದ್ಧೆಯೊಬ್ಬಳು ವಂಶಪಾರಂಪರ್ಯವಾಗಿ ಗುಟ್ಟಾಗಿಟ್ಟುಕೊಂಡಿದ್ದ ಜಲೋದರದ ಮದ್ದಿನ ಬಗ್ಗೆ ಆತನ ಅಭಿಪ್ರಾಯವೇನು ಎಂಬುದೇ ಆ ಪ್ರಶ್ನೆ. ಪದವೀಧರ ವೈದ್ಯರು ಕೈಬಿಟ್ಟ ಕೆಲವರನ್ನು ಆಕೆ ಗುಣಪಡಿಸಿದ್ದಳಂತೆ. ಮದ್ದಿನಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಸೊಪ್ಪುಗಳಿದ್ದವು. ಸಸ್ಯಗಳನ್ನು ಬಲ್ಲ ವಿದರಿಂಗ್‌ಗೆ ಅವುಗಳಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲೋವ್ ಎಂಬ ಗಿಡವೇ ಎಂದು ಗುರುತಿಸುವುದು ಕಷ್ಟವಾಗಲಿಲ್ಲ. ನೇರಳೆ ಬಣ್ಣದ ಗಂಟೆಯಾಕಾರದ ಹೂಗಳನ್ನು ಬಿಡುವ ಈ ಗಿಡಕ್ಕೆ 1542ರಲ್ಲಿ ಜರ್ಮನಿಯ ಲಿಯೋನ್‌ಹಾರ್ಟ್ ಫುಕ್ಸ್ ಕೊಟ್ಟ ಶಾಸ್ತ್ರೀಯ ಹೆಸರು ಡಿಜಿಟಾಲಿಸ್. ಅದು ವಿಷದ ಗಿಡ. ನಮ್ಮ ಹಿತ್ತಿಲುಗಳ ಕಣಗಿಲೆಯಲ್ಲಿರುವುದೂ ಹೃದಯದ ಮೇಲೆ ಪ್ರಭಾವ ಬೀರುವ ಇದೇ ಬಗೆಯ ರಾಸಾಯನಿಕವೆಂದರೆ, ಅದರ ಅಪಾಯ ಎಂತಹುದೆಂದು ಊಹಿಸಬಹುದು.

ಜಲೋದರವೆಂದು ಅಂದು ಕರೆಯುತ್ತಿದ್ದ ಸ್ಥಿತಿ ಬಹುಪಾಲು ಸಂದರ್ಭಗಳಲ್ಲಿ ಹೃದಯ ವೈಫಲ್ಯದ ಫಲ. ಹೃದಯಕ್ಕೆ ರಕ್ತವನ್ನು ಸಾಕಷ್ಟು ತಳ್ಳುವ ಶಕ್ತಿ ಕುಂದಿದಾಗ ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲು ಊದಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ, ರೋಗಿ ಮಲಗಲಾರದೆ ಕುಳಿತೇ ರಾತ್ರಿ ಕಳೆಯಬೇಕಾಗುತ್ತದೆ. ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ಹೊಟ್ಟೆಗೆ ರಂಧ್ರ ಮಾಡಿ ನೀರು ಇಳಿಸುವುದು ಇವೇ ಅಂದಿನ ಉಪಾಯಗಳು.

1775ರ ಡಿಸೆಂಬರ್ 8ರಂದು ವಿದರಿಂಗ್ ಬಳಿಗೆ ಸುಮಾರು ಐವತ್ತು ವರ್ಷದ ಒಬ್ಬಾತ ಬಂದ. ಹಿಂದೆ ಕಟ್ಟಡ ಕಟ್ಟಿಸುತ್ತಿದ್ದು, ಈಗ ಬಡತನಕ್ಕಿಳಿದವನು. ಉಸಿರಾಟ ತೀರ ಕಷ್ಟವಾಗಿತ್ತು, ಹೊಟ್ಟೆ ಊದಿತ್ತು. ವಿದರಿಂಗ್ ಕೊಟ್ಟ ಎಲೆಯ ಕಷಾಯದಿಂದ ಆತನಿಗೆ ವಿಪರೀತ ವಾಕರಿಕೆಯಾಯಿತು. ಆದರೆ ನೀರು ಧಾರಾಳವಾಗಿ ಇಳಿದು ಉಸಿರು ಸರಾಗವಾಯಿತು, ಹತ್ತು ದಿನಗಳಲ್ಲಿ ಹಸಿವೂ ಮರಳಿತು. ಇಂತಹ ಒಂದೆರಡು ಪ್ರಕರಣಗಳೇ ಸಾಕೆಂದು ಪತ್ರಿಕೆಗೆ ಬರೆದು ಹೆಸರು ಗಳಿಸಬಹುದಾಗಿತ್ತು. ವಿದರಿಂಗ್ ಹಾಗೆ ಮಾಡದೆ ಟಿಪ್ಪಣಿ ಇಡುತ್ತಾ ಹೋದ.

ಆತ ಬೇಗನೆ ಕಂಡುಕೊಂಡ ಸಂಗತಿಯೆಂದರೆ ಮೊದಮೊದಲು ತಾನು ಕೊಡುತ್ತಿದ್ದ ಪ್ರಮಾಣ ಅತಿಯಾಗಿತ್ತು ಎಂಬುದು. ಎಲೆಯ ಶಕ್ತಿ ಋತುವಿನಿಂದ ಋತುವಿಗೆ ಬದಲಾಗುತ್ತಿತ್ತು. ಆದ್ದರಿಂದ ಗಿಡ ಹೂ ಬಿಡುವ ಕಾಲದಲ್ಲೇ ಎಲೆ ಕೊಯ್ದು ಒಣಗಿಸಿ ಪುಡಿ ಮಾಡುವ ಕ್ರಮವನ್ನು ಗೊತ್ತುಮಾಡಿದ. ಕೊನೆಗೆ ಆತ ನಿಗದಿಪಡಿಸಿದ ಪ್ರಮಾಣ ದಿನಕ್ಕೆರಡು ಬಾರಿ ಒಂದರಿಂದ ಮೂರು ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು ಅರ್ಧ ಗುಲಗಂಜಿ ತೂಕ. ಪ್ರಮಾಣ ಮೀರಿದರೆ ವಾಂತಿಯಾಗುತ್ತದೆ, ಕಣ್ಣಿಗೆ ವಸ್ತುಗಳು ಹಸಿರು ಅಥವಾ ಹಳದಿಯಾಗಿ ಕಾಣುತ್ತವೆ, ನಾಡಿ ನಿಮಿಷಕ್ಕೆ 35ರವರೆಗೂ ಇಳಿಯುತ್ತದೆ, ಸಾವೂ ಸಂಭವಿಸುತ್ತದೆ ಎಂಬುದನ್ನು ಆತ ದಾಖಲಿಸಿದ. ಮೂತ್ರ, ಹೊಟ್ಟೆ, ನಾಡಿ, ಕರುಳು ಈ ನಾಲ್ಕರಲ್ಲಿ ಯಾವುದರ ಮೇಲೆ ಪರಿಣಾಮ ಕಂಡರೂ ಮದ್ದನ್ನು ಒಡನೆಯೇ ನಿಲ್ಲಿಸಬೇಕೆಂಬುದು ಆತ ವಿಧಿಸಿದ ನಿಯಮ. ಇಷ್ಟು ಸರಳವಾದ ಈ ನಿಯಮದ ಹಿಂದೆ ಹತ್ತು ವರ್ಷಗಳ ಅನುಭವವಿತ್ತು.

ಈ ತಾಳ್ಮೆಗೆ ಆತ ಬೆಲೆ ತೆರಬೇಕಾಯಿತು. 1776ರ ಬೇಸಗೆಯಲ್ಲಿ ಡಾರ್ವಿನ್ ತನ್ನ ರೋಗಿಯೊಬ್ಬಳ ವಿಷಯದಲ್ಲಿ ವಿದರಿಂಗ್‌ನ ಸಲಹೆ ಕೇಳಿದ್ದ. ಫಾಕ್ಸ್‌ಗ್ಲೋವ್ ಕೊಡಲು ಸೂಚಿಸಿದವನು ವಿದರಿಂಗ್, ರೋಗಿ ಚೇತರಿಸಿಕೊಂಡಳು. 1780ರಲ್ಲಿ ಡಾರ್ವಿನ್, ಅಕಾಲ ಮರಣಕ್ಕೀಡಾದ ತನ್ನ ಮಗನ ಪ್ರಬಂಧವನ್ನು ಪ್ರಕಟಿಸುವಾಗ ಅದರ ಅನುಬಂಧದಲ್ಲಿ ಈ ಮದ್ದಿನ ಪ್ರಕರಣಗಳನ್ನು ಸೇರಿಸಿದ. 1785ರ ಆರಂಭದಲ್ಲಿ ಲಂಡನ್ನಿನ ವೈದ್ಯರ ಕಾಲೇಜಿಗೂ ಇದೇ ವಿಷಯದ ಲೇಖನ ಕಳುಹಿಸಿದ. ಎಲ್ಲಿಯೂ ವಿದರಿಂಗ್‌ಗೆ ಸಲ್ಲಬೇಕಾದ ಶ್ರೇಯ ಸಲ್ಲಲಿಲ್ಲ. ತನ್ನನ್ನು ಬರ್ಮಿಂಗ್‌ಹ್ಯಾಮ್‌ಗೆ ಕರೆಸಿಕೊಂಡ ಹಿರಿಯನೊಡನೆ ಆತನ ಸಂಬಂಧ ಮತ್ತೆ ಸರಿಹೋಗಲೇ ಇಲ್ಲ.

ವಿದರಿಂಗ್‌ನ ಪುಸ್ತಕ ಹೊರಬಂದದ್ದು 1785ರಲ್ಲಿ. ಮದ್ದಿನ ಸುದ್ದಿ ಅಷ್ಟರಲ್ಲಿ ಎಲ್ಲೆಡೆ ಹಬ್ಬಿತ್ತು. ಪ್ರಮಾಣ ತಿಳಿಯದವರು ಕೊಡಲು ತೊಡಗಿದ್ದರು. ಅಜ್ಞಾನದಿಂದ ರೋಗಿಗಳು ಸಾಯುವುದು ಅಥವಾ ಒಳ್ಳೆಯ ಮದ್ದೊಂದು ಅಪಾಯಕಾರಿಯೆಂದು ಮೂಲೆಗುಂಪಾಗುವುದು, ಎರಡನ್ನೂ ತಡೆಯಬೇಕೆಂಬುದು ಆತನ ಉದ್ದೇಶ. ಅದರಲ್ಲಿ ತಾನು ಚಿಕಿತ್ಸೆ ನೀಡಿದ ನೂರೈವತ್ತಕ್ಕೂ ಹೆಚ್ಚು ರೋಗಿಗಳ ವಿವರವನ್ನು ವರ್ಷವಾರು ಕೊಟ್ಟ; ಇತರ ವೈದ್ಯರು ಬರೆದು ಕಳುಹಿಸಿದ ಅನುಭವಗಳನ್ನೂ ಸೇರಿಸಿದ. ಯಶಸ್ವಿಯಾದ ಪ್ರಕರಣಗಳನ್ನಷ್ಟೇ ಆರಿಸಿ ಕೊಟ್ಟಿದ್ದರೆ ಮದ್ದಿನ ಪರವಾಗಿ ಪ್ರಬಲವಾದ ವಾದವಾಗುತ್ತಿತ್ತು, ತನ್ನ ಹೆಸರಿಗೂ ಮೆರುಗು ಬರುತ್ತಿತ್ತು ಎಂಬುದನ್ನು ಆತ ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಆದರೆ ಸತ್ಯಕ್ಕೂ ಶಾಸ್ತ್ರಕ್ಕೂ ಅದು ಒಪ್ಪುವಂಥದ್ದಲ್ಲವಾದ್ದರಿಂದ, ಮದ್ದನ್ನು ಸರಿಯಾಗಿ ಕೊಟ್ಟದ್ದು, ತಪ್ಪಾಗಿ ಕೊಟ್ಟದ್ದು, ಗೆದ್ದದ್ದು, ಸೋತದ್ದು ಎಲ್ಲವನ್ನೂ ಬರೆಯುವ ದಾರಿಯನ್ನೇ ಆರಿಸಿಕೊಂಡ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮಾ ಕಾಲಂ ಮಾತ್ರ ಇರುವ ಲೆಕ್ಕಪುಸ್ತಕದಿಂದ ವ್ಯಾಪಾರದ ಲಾಭನಷ್ಟ ತಿಳಿಯದು.

ಈ ಮದ್ದಿಗೆ ಹೃದಯದ ಚಲನೆಯ ಮೇಲೆ ಬೇರಾವ ಮದ್ದಿಗೂ ಇಲ್ಲದ ಹಿಡಿತವಿದೆ ಎಂಬುದನ್ನು ವಿದರಿಂಗ್ ಗಮನಿಸಿದ್ದ. ಆದರೂ ಆತನ ದೃಷ್ಟಿಯಲ್ಲಿ ಅದು ಮುಖ್ಯವಾಗಿ ನೀರು ಇಳಿಸುವ ಮದ್ದಾಗಿಯೇ ಉಳಿಯಿತು. ಹೃದಯದ ಸ್ನಾಯು ಬಲವಾಗಿ ಸಂಕುಚಿಸುವಂತೆ ಅದು ಮಾಡುತ್ತದೆ, ನೀರು ಇಳಿಯುವುದು ಅದರ ಪರಿಣಾಮ ಎಂಬ ತಿಳಿವಳಿಕೆ ಬಂದದ್ದು ಬಹಳ ತಡವಾಗಿ. ವಿವರಣೆ ಅಪೂರ್ಣವಾಗಿದ್ದರೂ ದಾಖಲೆ ಪೂರ್ಣವಾಗಿದ್ದುದರಿಂದ ಮುಂದಿನವರಿಗೆ ಅದು ಉಪಯೋಗಕ್ಕೆ ಬಂತು.

ವಿದರಿಂಗ್ ಕೇವಲ ವೈದ್ಯನಾಗಿರಲಿಲ್ಲ. ಜೇಮ್ಸ್ ವಾಟ್, ಮ್ಯಾಥ್ಯೂ ಬೋಲ್ಟನ್, ಜೋಸೆಫ್ ಪ್ರೀಸ್ಟ್ಲಿ ಮೊದಲಾದವರಿದ್ದ ಲೂನಾರ್ ಸೊಸೈಟಿಯ ಸದಸ್ಯನಾಗಿದ್ದ. ಬೆಳದಿಂಗಳಲ್ಲಿ ಮನೆಗೆ ಮರಳಲು ಅನುಕೂಲವಾಗಲೆಂದು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದ ವಿದ್ವಾಂಸರ ಕೂಟವದು. ಖನಿಜಗಳನ್ನೂ ಅಭ್ಯಾಸ ಮಾಡಿದ ಆತನ ಗೌರವಾರ್ಥ ಬೇರಿಯಂ ಕಾರ್ಬೋನೇಟ್ ಖನಿಜಕ್ಕೆ ವಿದರೈಟ್ ಎಂಬ ಹೆಸರಿದೆ. 1791ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ದೊಂಬಿ ಎದ್ದು ಪ್ರೀಸ್ಟ್ಲಿಯ ಮನೆ ಮತ್ತು ಪ್ರಯೋಗಶಾಲೆ ನಾಶವಾದವು. ವಿದರಿಂಗ್ ವಾಸವಾಗಿದ್ದ ಎಡ್ಜ್‌ಬಾಸ್ಟನ್ ಹಾಲ್‌ಗೂ ಗಲಭೆಕೋರರು ನುಗ್ಗಿದರು; ಸೇನೆ ಬಂದುದರಿಂದ ಅದು ಉಳಿಯಿತು. ಅಷ್ಟರಲ್ಲಿ ಕ್ಷಯರೋಗ ಆತನನ್ನು ಕುಗ್ಗಿಸುತ್ತಿತ್ತು. ಎರಡು ಚಳಿಗಾಲಗಳನ್ನು ಪೋರ್ಚುಗಲ್‌ನಲ್ಲಿ ಕಳೆದರೂ ಹೆಚ್ಚಿನ ಪ್ರಯೋಜನವಾಗಲಿಲ್ಲ. 1799ರ ಅಕ್ಟೋಬರ್ 6ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡ. ಎಡ್ಜ್‌ಬಾಸ್ಟನ್‌ನ ಹಳೆಯ ಚರ್ಚಿನಲ್ಲಿರುವ ಆತನ ಸ್ಮಾರಕದಲ್ಲಿ ಫಾಕ್ಸ್‌ಗ್ಲೋವ್ ಗಿಡವನ್ನು ಕೆತ್ತಲಾಗಿದೆ.

ಆತನ ಎಚ್ಚರಿಕೆಯನ್ನು ಮಾತ್ರ ಜಗತ್ತು ಬೇಗನೆ ಮರೆಯಿತು. ಕ್ಷಯವೂ ಸೇರಿದಂತೆ ಸಂಬಂಧವಿಲ್ಲದ ಅನೇಕ ರೋಗಗಳಿಗೆ ವೈದ್ಯರು ಈ ಮದ್ದನ್ನು ಮನಬಂದಂತೆ ಕೊಟ್ಟರು. ಮದ್ದಿಗೆ ಕೆಟ್ಟ ಹೆಸರು ಬಂತು. 20ನೇ ಶತಮಾನದ ಆರಂಭದಲ್ಲಿ ಜೇಮ್ಸ್ ಮೆಕೆಂಝಿಯಂಥವರು ನಾಡಿಯ ಲಯವನ್ನು ಅಭ್ಯಾಸ ಮಾಡಿದ ಮೇಲೆ ಯಾರಿಗೆ ಅದು ಹಿತ ಎಂಬುದು ಮತ್ತೆ ಸ್ಪಷ್ಟವಾಯಿತು. 1930ರಲ್ಲಿ ಸಿಡ್ನಿ ಸ್ಮಿತ್ ಇದೇ ಕುಲದ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಬೇರ್ಪಡಿಸಿದ. 1997ರಲ್ಲಿ ಪ್ರಕಟವಾದ, ಸುಮಾರು 6800 ರೋಗಿಗಳ ದೊಡ್ಡ ಪ್ರಯೋಗವೊಂದು ಡಿಗಾಕ್ಸಿನ್‌ನಿಂದ ಒಟ್ಟಾರೆ ಸಾವಿನ ಪ್ರಮಾಣ ಇಳಿಯುವುದಿಲ್ಲ, ಆದರೆ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ ಎಂದು ತೋರಿಸಿತು. 2003ರಲ್ಲಿ ಅದೇ ಅಂಕಿಅಂಶಗಳ ಮರುವಿಶ್ಲೇಷಣೆ ನಡೆದಾಗ, ರಕ್ತದಲ್ಲಿ ಮದ್ದಿನ ಅಂಶ ಕಡಿಮೆಯಿದ್ದ ಪುರುಷ ರೋಗಿಗಳಲ್ಲಿ ಸಾವು ಕಡಿಮೆ, ಹೆಚ್ಚಿದ್ದವರಲ್ಲಿ ಹೆಚ್ಚು ಎಂದು ಕಂಡುಬಂತು. ಪ್ರಮಾಣವೇ ಪ್ರಾಣ ಎಂದು ವಿದರಿಂಗ್ 1785ರಲ್ಲೇ ಕಂಡುಕೊಂಡಿದ್ದ. 2025ರಲ್ಲಿ ಜರ್ಮನಿ, ಆಸ್ಟ್ರಿಯಾ ಮತ್ತು ಸರ್ಬಿಯಾಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಹೊರಬಂದಾಗ, ಅದೇ ಬಳಗದ ಡಿಜಿಟಾಕ್ಸಿನ್ ಸಾವು ಮತ್ತು ಆಸ್ಪತ್ರೆ ದಾಖಲಾತಿಗಳ ಒಟ್ಟು ಸಂಭವವನ್ನು ತಗ್ಗಿಸಿದ್ದು ತಿಳಿಯಿತು. ಎರಡೂವರೆ ಶತಮಾನದ ಹಿಂದಿನ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಇಲ್ಲಿ ಒಂದು ವಿಪರ್ಯಾಸವನ್ನೂ ಹೇಳಬೇಕು. ಆ ವೃದ್ಧೆಯ ಹೆಸರನ್ನು ವಿದರಿಂಗ್ ಎಲ್ಲಿಯೂ ಬರೆದಿಲ್ಲ. ಆದರೆ 1928ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರ ಜಾಹೀರಾತು ಆಕೆಗೆ ‘ಮದರ್ ಹಟನ್’ ಎಂದು ಹೆಸರಿಟ್ಟು ಚಿತ್ರವನ್ನೂ ಬರೆಸಿತು. ಮುಂದೆ ಅನೇಕ ಲೇಖಕರು ಅದನ್ನೇ ಇತಿಹಾಸವೆಂದು ನಂಬಿ ಪುನರುಚ್ಚರಿಸಿದರು. ಕಂಡದ್ದನ್ನಷ್ಟೇ ಬರೆದವನ ಕಥೆಗೆ ಕಾಣದ್ದನ್ನು ಸೇರಿಸಿದವರು ಮಾರಾಟಗಾರರು. ಪದವಿಯಿಲ್ಲದ ಹಳ್ಳಿಯ ಮುದುಕಿಯ ಅನುಭವಕ್ಕೆ ಕಿವಿಗೊಟ್ಟ ವೈದ್ಯ ಆಕೆಯ ಹೆಸರನ್ನೂ ದಾಖಲಿಸಿದ್ದರೆ ಚೆನ್ನಿತ್ತು ಎಂಬ ಕೊರತೆಯೂ ಉಳಿಯುತ್ತದೆ.

ಇಂದು ಭಾರತದಲ್ಲಿ ಔಷಧ ಪ್ರಯೋಗಗಳನ್ನು ಆರಂಭಕ್ಕೆ ಮುನ್ನವೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕೆಂಬ ನಿಯಮವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಈ ನೋಂದಣಿ, 2009ರ ಜೂನ್ 15ರಿಂದ ಕಡ್ಡಾಯವಾಯಿತು. ಸೋತ ಪ್ರಯೋಗಗಳನ್ನು ಸದ್ದಿಲ್ಲದೆ ಹೂತುಹಾಕಿ, ಗೆದ್ದವನ್ನಷ್ಟೇ ಪ್ರಚಾರ ಮಾಡುವ ಪ್ರವೃತ್ತಿಯನ್ನು ತಡೆಯುವುದು ಇಂತಹ ನೋಂದಣಿಯ ಮುಖ್ಯ ಆಶಯಗಳಲ್ಲೊಂದು. ಆದರೆ ಹೆಸರು ನೋಂದಾಯಿಸಿದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಪ್ರಯೋಗ ಮುಗಿದ ಮೇಲೆ ಫಲಿತಾಂಶ, ಅದು ಹೇಗೇ ಇರಲಿ, ಗೊತ್ತಾದ ಅವಧಿಯೊಳಗೆ ಸಾರ್ವಜನಿಕರ ಮುಂದೆ ಬರಬೇಕು. ನಾಳೆ ಅದೇ ಮದ್ದನ್ನು ನುಂಗಬೇಕಾದ ರೋಗಿಗೆ, ಅದು ಯಾರಿಗೆ ಒಗ್ಗಲಿಲ್ಲ ಎಂಬುದನ್ನು ತಿಳಿಯುವ ಹಕ್ಕಿದೆ. ಯಾವ ಕಾನೂನಿನ ಒತ್ತಾಯವೂ ಇಲ್ಲದ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ವೈದ್ಯನೊಬ್ಬ ಸ್ವಯಿಚ್ಛೆಯಿಂದ ಸಲ್ಲಿಸಿದ ಲೆಕ್ಕವನ್ನು, ಕಾನೂನು ಇರುವ ಈ ಕಾಲದಲ್ಲಿ ನಮ್ಮ ಸಂಸ್ಥೆಗಳಿಂದ ಕೇಳುವುದು ಅತಿಯಾದ ಬೇಡಿಕೆಯೇನಲ್ಲ.