ಕಚೇರಿ ಹೋದ ಕಡೆ ಪೇಟೆ: ಕಬ್ಬನ್ ಸಾಹೇಬನ ಕಥೆ

ನಮ್ಮೂರು ತಾಲ್ಲೂಕಾಗಬೇಕು, ನಮ್ಮ ತಾಲ್ಲೂಕು ಜಿಲ್ಲೆಯಾಗಬೇಕು ಎಂಬ ಕೂಗು ನಮ್ಮಲ್ಲಿ ಯಾವತ್ತೂ ಇದ್ದದ್ದೇ. ಬೋರ್ಡು ಬದಲಾದರೆ ಏನಾಗುತ್ತೆ ಸ್ವಾಮಿ ಎಂದು ನಗುವವರೂ ಉಂಟು. ಅಂಥವರು ಮಾರ್ಕ್ ಕಬ್ಬನ್‌ನ ಕಥೆ ಕೇಳಬೇಕು.

ಕಬ್ಬನ್ ಹುಟ್ಟಿದ್ದು 1775ರಲ್ಲಿ, ಇಂಗ್ಲೆಂಡಿನ ಪಕ್ಕದ ಮ್ಯಾನ್ ದ್ವೀಪದಲ್ಲಿ. 1800ರಲ್ಲಿ ಕಂಪನಿ ಸೈನ್ಯದ ಕೆಲಸಕ್ಕೆಂದು ಇಂಡಿಯಾಕ್ಕೆ ಬಂದ. ನಗರದ ರೈತರ ದಂಗೆಯ ನೆಪ ಹೇಳಿ 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿತು. ಅರಸರು ಮೈಸೂರಿನಲ್ಲೇ ಉಳಿದರು, ಕಚೇರಿ ಮಾತ್ರ ಬೆಂಗಳೂರಿಗೆ ಹೋಯಿತು. 1834ರಿಂದ 27 ವರ್ಷ ಕಬ್ಬನ್ನೇ ಕಮಿಷನರ್.

ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂದು ನಾಲ್ಕು ವಿಭಾಗ ಮಾಡಿದರು. ನೂರಾರು ಚಿಲ್ಲರೆ ತೆರಿಗೆಗಳು ರದ್ದಾದವು. ದಾರಿಯುದ್ದಕ್ಕೂ ಕಟ್ಟೆ ಕಟ್ಟೆಗೂ ಸುಂಕ ತೆತ್ತು ಸುಸ್ತಾಗಿದ್ದ ವರ್ತಕರು ಉಸಿರುಬಿಟ್ಟರು. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಕಚೇರಿಯಿಂದ ಕಚೇರಿಗೆ ರಸ್ತೆ, ರಸ್ತೆ ಹಿಂದೆ ಗಾಡಿ, ಗಾಡಿ ಹಿಂದೆ ಅಂಗಡಿ!

ಕಚೇರಿ ಕಳಕೊಂಡ ಊರಿನ ಗತಿ ನೋಡಬೇಕೆ? ವಿಭಾಗಕ್ಕೆ ಹೆಸರು ಕೊಟ್ಟ ನಗರವನ್ನೇ ನೋಡಿ. ಒಂದು ಕಾಲಕ್ಕೆ ಕೆಳದಿ ನಾಯಕರ ರಾಜಧಾನಿ, ಬಿದನೂರು ಅಂದರೆ ದೇಶಕ್ಕೇ ಗೊತ್ತು. ಕೇಂದ್ರ ಶಿವಮೊಗ್ಗಕ್ಕೆ ಬಂತು. ತಾಲ್ಲೂಕು ಕಚೇರಿಯೂ ಆಮೇಲೆ ಹೊಸನಗರದ ಪಾಲಾಯಿತು. ಶಿವಮೊಗ್ಗ ಶಹರಾಯಿತು, ನಗರ ಹಳ್ಳಿಯಾಗಿ ಕೂತಿತು.

ಮೈಸೂರಿಗೂ ಪೆಟ್ಟು ತಪ್ಪಲಿಲ್ಲ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಮೈಸೂರಿಗೆ 1882ರಲ್ಲಿ. ನಡುವೆ 18 ವರ್ಷ! 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸು ಬಂತು, ದಿವಾನರ ಕಚೇರಿ ಮಾತ್ರ ಬೆಂಗಳೂರು ಬಿಟ್ಟು ಕದಲಲಿಲ್ಲ.

ಇದಕ್ಕೂ ದೊಡ್ಡ ಗಂಡಾಂತರ 1860ರಲ್ಲಿ ಬಂದಿತ್ತು. ಮೈಸೂರು ರಾಜ್ಯವನ್ನು ಮದರಾಸು ಸರ್ಕಾರದ ಕೈಕೆಳಗೆ ಹಾಕುವ ಹುಕುಂ ಹೊರಟಿತು. ಅರಸರು ಪ್ರತಿಭಟಿಸಿದರು, ಕಬ್ಬನ್ ರಾಜೀನಾಮೆ ಕೊಟ್ಟ. ಇದುವರೆಗೆ ಒಬ್ಬರ ಕುರ್ಚಿಯಲ್ಲಿ ಒಬ್ಬರು ಕೂತ ಇಬ್ಬರೂ ಆಗ ಒಂದೇ ಕಡೆ! ವೈಸರಾಯ್ ಕ್ಯಾನಿಂಗ್ ಹುಕುಂ ಹಿಂದಕ್ಕೆ ತಗೊಂಡ. ಹಾಗಾಗದಿದ್ದರೆ ಬೆಂಗಳೂರು ಮದರಾಸಿನ ಮಾತು ಕೇಳುವ ಇನ್ನೊಂದು ಊರಾಗಿ ಉಳೀತಿತ್ತೋ ಏನೋ.

ಕಬ್ಬನ್ ದೇವರೇನಲ್ಲ. ಪರರ ದೊರೆತನದ ಆಳು. ಶಿಕ್ಷಣ ಇಲಾಖೆ ಬರಲು 1857 ಆಗಬೇಕಾಯಿತು. ಮದುವೆ ಆಗಲಿಲ್ಲ, ಕುದುರೆಗಳೆಂದರೆ ಪ್ರಾಣ. 1861ರಲ್ಲಿ ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡ, 85ರ ವಯಸ್ಸಿನಲ್ಲಿ. ಅವನ ಹೆಸರಿನ ಪಾರ್ಕು ಆದದ್ದು ಅವನು ಸತ್ತ ಮೇಲೆ.

1997ರಲ್ಲಿ ಕರ್ನಾಟಕದಲ್ಲಿ ಏಳು ಹೊಸ ಜಿಲ್ಲೆಗಳಾದವು. ಹುಕುಂ ಒಂದೇ ಸಾಲದು, ರಸ್ತೆಯೂ ಬರಬೇಕು, ಸುಂಕವೂ ಇಳೀಬೇಕು ಅನ್ನುವುದು ಕಬ್ಬನ್ ಕಾಲದ ಪಾಠ. ಜಿಲ್ಲೆ ಕೇಳುವವರು ಪಕ್ಕದ ಊರಿಂದ ಏನು ಹೋಗುತ್ತೆ ಅನ್ನೋದನ್ನೂ ಲೆಕ್ಕ ಹಾಕಲಿ. ಒಂದೂರಿಗೆ ಬಂದ ಕಚೇರಿ ಇನ್ನೊಂದೂರಿಂದ ಎದ್ದು ಬಂದದ್ದೇ ತಾನೆ?